ಆ ಮಗುವಿಗೆ ಇನ್ನೂ ಮಳೆ ನಿಂತಿಲ್ಲ



ಇವತ್ತು ಸಂಜೆ ನಾಲ್ಕೂವರೆಗೆ ನಮ್ಮ ಸುದ್ದಿಮನೆಗೆ ವಯನಾಡಿನಿಂದ ಒಂದು ವಿಡಿಯೋ ಬಂತು. ಒಂದು ನಿಮಿಷ ಹತ್ತು ಸೆಕೆಂಡಿನದು. ಪರಿಹಾರ ಕೇಂದ್ರದ ಗೋಡೆಗೆ ಒರಗಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಕೂತಿದ್ದಾನೆ. ಮೈಮೇಲೆ ಯಾರೋ ಕೊಟ್ಟ ದೊಡ್ಡ ಅಂಗಿ. ಎದುರಿಗೆ ಮೈಕು. ಪ್ರಶ್ನೆ ಏನು ಗೊತ್ತಾ? "ನೀರು ಬಂದಾಗ ಅಮ್ಮ ಎಲ್ಲಿದ್ದರು?" ಹುಡುಗ ಉತ್ತರ ಕೊಡ್ತಾನೆ. ಕೊನೆಯ ಹದಿನೈದು ಸೆಕೆಂಡು ಉತ್ತರ ಇಲ್ಲ, ಬರೀ ಮುಖ ಇದೆ.

"ಸರ್, ಒಂಬತ್ತು ಗಂಟೆಗೆ ಇದೇ ಮೊದಲ ಸುದ್ದಿ" ಅಂದ ಡೆಸ್ಕಿನ ಹುಡುಗ. ಅವನ ಕಣ್ಣಲ್ಲೂ ನೀರಿತ್ತು, ಸುಳ್ಳು ಹೇಳಲ್ಲ. ನಾನು ಬೇಡ ಅಂದೆ. ಮುಖ ಮಸುಕು ಮಾಡಿ ಹಾಕೋಣ ಅಂದರು. ಅದೂ ಬೇಡ ಅಂದೆ. ಅರ್ಧ ಗಂಟೆ ಜಗಳವಾಯಿತು. "ಬೇರೆಯವರು ಹಾಕ್ತಾರೆ ಸರ್, ನಾವು ಮಾತ್ರ ಯಾಕೆ ಸನ್ಯಾಸಿಗಳು?" ಅಂತ ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಇವತ್ತಿನ ನನ್ನ ಮಾತು ಅದಕ್ಕೆ ಉತ್ತರ. ನನ್ನ ಸಹೋದ್ಯೋಗಿಗಳಿಗೂ ಹೌದು, ನಿಮಗೂ ಹೌದು. ಯಾಕಂದ್ರೆ ನೀವು ನೋಡ್ತೀರಿ ಅಂತಾನೇ ನಾವು ತೋರಿಸೋದು.

ಮೊದಲು ನನ್ನ ತಪ್ಪಿನಿಂದ ಶುರು ಮಾಡ್ತೀನಿ.

2018ರ ಆಗಸ್ಟ್. ಕೊಡಗು. ಮಕ್ಕಂದೂರು, ಜೋಡುಪಾಲ, ಕಾಲೂರು. ಈ ಊರುಗಳ ಹೆಸರನ್ನ ಅಲ್ಲಿಯವರೆಗೆ ಕೇಳದೇ ಇದ್ದ ಕರ್ನಾಟಕ ಒಂದೇ ವಾರದಲ್ಲಿ ಬಾಯಿಪಾಠ ಮಾಡಿಕೊಂಡಿತು. ಗುಡ್ಡ ಜಾರಿ ಬಂದು ಮನೆ, ತೋಟ, ರಸ್ತೆ ಎಲ್ಲವನ್ನೂ ಹೊತ್ತುಕೊಂಡು ಹೋಗಿತ್ತು. ನಾನು ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿದ್ದೆ. ಅಲ್ಲಿ ಎಂಟು ವರ್ಷದ ಒಬ್ಬಳು ಹುಡುಗಿ. ಹೆಸರು ಹೇಳಲ್ಲ, ಊರೂ ಹೇಳಲ್ಲ. ಅವಳ ಅಜ್ಜಿ ಮಣ್ಣಿನಡಿ ಹೋಗಿದ್ದರು. ಅವಳು ನೋಡಿದ್ದಳು.

ನಾನು ಮಂಡಿಯೂರಿ ಕೂತೆ, ಮೈಕು ಹಿಡಿದೆ, ದನಿ ಮೆತ್ತಗೆ ಮಾಡಿಕೊಂಡು "ಏನಾಯ್ತು ಪುಟ್ಟಿ?" ಅಂತ ಕೇಳಿದೆ. ಅವಳು ಹೇಳಿದಳು. ಅಳಲಿಲ್ಲ. ಶಾಲೆಯಲ್ಲಿ ಮಗ್ಗಿ ಒಪ್ಪಿಸ್ತಾರಲ್ಲ, ಹಾಗೆ ಹೇಳಿದಳು. ಒಂದೇ ರಾಗ. ಮುಗಿಸಿದ ಮೇಲೆ ನನ್ನನ್ನ ಒಂದು ಪ್ರಶ್ನೆ ಕೇಳಿದಳು. "ಇನ್ನೊಂದು ಸಲ ಹೇಳಬೇಕಾ?"

ಆಗ ಗೊತ್ತಾಯಿತು, ಆ ಬೆಳಗ್ಗೆ ಅವಳ ಹತ್ತಿರ ಮೈಕು ಹಿಡಿದವರಲ್ಲಿ ನಾನು ನಾಲ್ಕನೆಯವನು. ನನಗಿಂತ ಮೊದಲು ಬಂದ ಯಾರೋ ಎರಡು ಸಲ ಹೇಳಿಸಿದ್ದರು, ಮೊದಲ ಸಲ ಮಳೆಯ ಸದ್ದಿಗೆ ಮಾತು ಸರಿಯಾಗಿ ಕೇಳಿಸಿರಲಿಲ್ಲವಂತೆ. ಪಕ್ಕದಲ್ಲಿದ್ದ ಅವಳ ಅಮ್ಮ ಮೆಲ್ಲಗೆ ಅಂದರು: "ರಾತ್ರಿ ಮಲಗ್ತಾ ಇಲ್ಲ ಸಾರ್. ಮಳೆ ಜೋರಾದ್ರೆ ಎದ್ದು ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಲ್ತಾಳೆ." ನಾನು ಆ ಬೈಟ್ ಕಳಿಸಿದೆ. ಅದು ಪ್ರಸಾರ ಆಯ್ತು. ತುಂಬಾ ಜನ ನೋಡಿದರು. ನನಗೆ ಶಹಬ್ಬಾಸ್‌ಗಿರಿ ಕೂಡ ಸಿಕ್ಕಿತು.

ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುವ ಆ ಮಗು ಮಾತ್ರ ಆರು ವರ್ಷದಿಂದ ನನ್ನ ತಲೆಯಿಂದ ಹೋಗಿಲ್ಲ. ಅವಳಿಗೆ ಏನಾಗಿತ್ತು, ಅದಕ್ಕೆ ಏನು ಮಾಡಬೇಕಿತ್ತು ಅಂತ ಆಮೇಲೆ ಓದಿದೆ, ಕೇಳಿದೆ, ಮಕ್ಕಳ ಮನೋವೈದ್ಯರ ಹತ್ತಿರ ಕೂತು ತಿಳಿದುಕೊಂಡೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಾ ಇದ್ದೀನಿ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಹಾವು ಕಚ್ಚಿದವನು ಹಗ್ಗ ಕಂಡರೂ ಹೆದರ್ತಾನೆ ಅಂತ. ವೈದ್ಯರು ಇಂಗ್ಲಿಷಿನಲ್ಲಿ ಟ್ರಾಮಾ ಅನ್ನೋದನ್ನ ನಮ್ಮ ಹಳ್ಳಿ ಅಜ್ಜಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾಳೆ. ಸಾವು ಕಣ್ಣೆದುರು ಬಂದು ನಿಂತಾಗ ಮೆದುಳು ಒಂದು ಗಂಟೆ ಬಾರಿಸುತ್ತೆ. ಓಡು, ಬಚ್ಚಿಟ್ಟುಕೋ, ಉಸಿರು ಬಿಗಿಹಿಡಿ ಅಂತ. ಅದು ಒಳ್ಳೆಯ ಗಂಟೆ, ಪ್ರಾಣ ಉಳಿಸೋ ಗಂಟೆ. ಸಮಸ್ಯೆ ಏನಂದ್ರೆ, ಕೆಲವರಲ್ಲಿ ಅಪಾಯ ಹೋದ ಮೇಲೂ ಅದು ನಿಲ್ಲಲ್ಲ. ಸಾಮಾನ್ಯ ನೆನಪು ಹಳೇ ಫೋಟೋ ತರಹ, ಅದು ಹಿಂದಿನದು ಅಂತ ನಮಗೆ ಗೊತ್ತಿರುತ್ತೆ. ಈ ನೆನಪು ಹಾಗಲ್ಲ. ಮಳೆಯ ಸದ್ದು, ಒದ್ದೆ ಮಣ್ಣಿನ ವಾಸನೆ, ಲಾರಿಯ ಗಡಗಡ ಸದ್ದು, ಯಾವುದೋ ಒಂದು ಬಂದರೆ ಸಾಕು, ಮಗುವಿನ ಮೈಗೆ ಅದು ಈಗಲೇ ನಡೀತಾ ಇದೆ. ಊರಲ್ಲಿ ಮಳೆ ನಿಂತಿರುತ್ತೆ. ಆ ಮಗುವಿಗೆ ನಿಂತಿರಲ್ಲ.

ಈ ಕಾಯಿಲೆಗೆ ವೈದ್ಯಪುಸ್ತಕದಲ್ಲಿ ಒಂದು ಅಧಿಕೃತ ಹೆಸರು ಬಂದಿದ್ದೇ 1980ರಲ್ಲಿ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಪಿಟಿಎಸ್‌ಡಿ ಅಂತ ಸೇರಿಸಿದರು. ಅದಕ್ಕೆ ಮುಖ್ಯ ಕಾರಣ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರು. ಮಕ್ಕಳ ವಿಚಾರ? ಮಕ್ಕಳು ಬೇಗ ಮರೀತಾರೆ, ಆಟ ಆಡ್ತಾರೆ, ಸರಿ ಹೋಗ್ತಾರೆ ಅನ್ನೋದೇ ಎಲ್ಲರ ನಂಬಿಕೆಯಾಗಿತ್ತು. ಆ ನಂಬಿಕೆಯನ್ನ ಬುಡ ಸಮೇತ ಅಲ್ಲಾಡಿಸಿದ್ದು ಒಂದು ಶಾಲಾ ಬಸ್ಸು.

1976ರ ಜುಲೈ 15. ಅಮೆರಿಕದ ಕ್ಯಾಲಿಫೋರ್ನಿಯಾ, ಚೌಚಿಲ್ಲಾ ಅನ್ನೋ ಸಣ್ಣ ಊರು. ಬೇಸಿಗೆ ಶಾಲೆ ಮುಗಿಸಿ ಮನೆಗೆ ಹೋಗ್ತಿದ್ದ 26 ಮಕ್ಕಳು, ಒಬ್ಬ ಡ್ರೈವರ್. ಐದು ವರ್ಷದವರಿಂದ ಹದಿನಾಲ್ಕರವರೆಗಿನ ಮಕ್ಕಳು. ಬಂದೂಕು ಹಿಡಿದ ಮೂವರು ಬಸ್ಸು ಅಡ್ಡಗಟ್ಟಿ, ಎಲ್ಲರನ್ನೂ ಕಿಟಕಿ ಮುಚ್ಚಿದ ವ್ಯಾನುಗಳಿಗೆ ತುಂಬಿ ಗಂಟೆಗಟ್ಟಲೆ ಸುತ್ತಿಸಿದರು. ಆಮೇಲೆ ಒಂದು ಕಲ್ಲುಗಣಿಯಲ್ಲಿ, ನೆಲದಡಿ ಹೂತಿಟ್ಟಿದ್ದ ಲಾರಿಯ ಡಬ್ಬಿಯೊಳಗೆ ಇಳಿಸಿ ಮೇಲೆ ಮಣ್ಣು ಮುಚ್ಚಿದರು. ಒತ್ತೆಹಣಕ್ಕೆ. ಸುಮಾರು 16 ಗಂಟೆ ಕತ್ತಲಲ್ಲಿದ್ದು, ಡ್ರೈವರ್ ಮತ್ತು ದೊಡ್ಡ ಹುಡುಗರು ಹಾಸಿಗೆಗಳನ್ನ ಒಂದರ ಮೇಲೊಂದು ಪೇರಿಸಿ, ಮೇಲಿನ ಮುಚ್ಚಳ ಎತ್ತಿ ಹೊರಗೆ ಬಂದರು. ಎಲ್ಲರೂ ಬದುಕಿದರು. ಎಲ್ಲರೂ!

ಊರಿಗೆ ಹಬ್ಬ. ಪತ್ರಿಕೆಗಳಿಗೆ ಹಬ್ಬ. ವೈದ್ಯರು ನೋಡಿ ಮಕ್ಕಳು ಚೆನ್ನಾಗಿದ್ದಾರೆ ಅಂದರು. ಮಕ್ಕಳನ್ನ ಡಿಸ್ನಿಲ್ಯಾಂಡ್‌ಗೂ ಕರೆದುಕೊಂಡು ಹೋದರು. ಮನಸ್ಸಿಗೆ ಸಂಬಂಧಿಸಿದಂತೆ ಅಪ್ಪ ಅಮ್ಮಂದಿರಿಗೆ ಸಿಕ್ಕ ಸಲಹೆ ಏನು ಗೊತ್ತಾ? ಇಪ್ಪತ್ತಾರರಲ್ಲಿ ಒಂದು ಮಗುವಿಗೆ ತೊಂದರೆ ಆಗಬಹುದು ಅಂತ. ಅಲ್ಲಿಗೆ ಮುಗೀತು. ಆ ಒಂದು ಮನೆ ತಮ್ಮದು ಅಂತ ಯಾರು ಒಪ್ಕೋತಾರೆ ಸ್ವಾಮಿ? ಎಲ್ಲರೂ ಬಾಯಿ ಮುಚ್ಚಿಕೊಂಡರು.

ತಿಂಗಳುಗಳ ನಂತರ ಲೆನೋರ್ ಟೆರ್ ಎಂಬ ಮಕ್ಕಳ ಮನೋವೈದ್ಯೆ ಆ ಊರಿಗೆ ಬಂದರು. ಮನೆ ಮನೆಗೆ ಹೋಗಿ ಮಕ್ಕಳ ಜೊತೆ ಕೂತರು. ನಾಲ್ಕೈದು ವರ್ಷ ಬಿಟ್ಟು ಮತ್ತೆ ಹೋದರು. ಅವರು ಕಂಡಿದ್ದು ಇಷ್ಟು: ತೊಂದರೆ ಇಲ್ಲದ ಒಂದೇ ಒಂದು ಮಗುವೂ ಅಲ್ಲಿ ಇರಲಿಲ್ಲ. ಕೆಟ್ಟ ಕನಸು. ಕತ್ತಲ ಭಯ. ಗೊತ್ತಿಲ್ಲದ ವ್ಯಾನ್ ಕಂಡರೆ ಭಯ. ಮತ್ತೆ ಮತ್ತೆ ಅದೇ ಅಪಹರಣದ ಆಟ, ನಗು ಇಲ್ಲದ ಆಟ. ಇನ್ನೊಂದು ಸಂಗತಿ ಕೇಳಿ. ದೊಡ್ಡವರಾದ ಮೇಲೆ ಏನಾಗ್ತೀರಿ ಅಂತ ಕೇಳಿದರೆ, ತಾವು ದೊಡ್ಡವರಾಗುತ್ತೇವೆ ಎಂಬ ನಂಬಿಕೆಯೇ ಕೆಲವು ಮಕ್ಕಳಲ್ಲಿ ಉಳಿದಿರಲಿಲ್ಲ. ಈ ಮಕ್ಕಳು ಜಗತ್ತಿಗೆ ಒಂದು ಪಾಠ ಕಲಿಸಿದರು. ಮಗು ಸುಮ್ಮನಿದೆ ಅಂದ್ರೆ ಮಗು ಸರಿಯಾಗಿದೆ ಅಂತ ಅರ್ಥ ಅಲ್ಲ.

ನಮ್ಮ ಬೆಂಗಳೂರನ್ನೇ ತಗೊಳ್ಳಿ. 1981ರ ಫೆಬ್ರವರಿ 7, ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. ಸತ್ತವರು 92 ಜನ, ಬಹುಪಾಲು ಮಕ್ಕಳು. ಸತ್ತವರ ಲೆಕ್ಕ ನಮಗೆ ಗೊತ್ತು. ಅವತ್ತು ಪಕ್ಕದ ಗೆಳೆಯನ ಕೈ ತಪ್ಪಿಸಿಕೊಂಡು ಹೊರಗೆ ಓಡಿ ಬಂದ ಮಕ್ಕಳಿಗೆ ಈಗ ಐವತ್ತು ವರ್ಷ ಆಗಿರಬಹುದು. ಅವರ ರಾತ್ರಿಗಳ ಲೆಕ್ಕ ಯಾರ ಹತ್ತಿರ ಇದೆ?

ಸರಿ, ಮನೆಯಲ್ಲಿ ಇದನ್ನ ಗುರುತಿಸೋದು ಹೇಗೆ? ವಯಸ್ಸಿಗೆ ತಕ್ಕ ಹಾಗೆ ಬೇರೆ ಬೇರೆ ಮುಖ ಇರುತ್ತೆ. ಪುಟ್ಟ ಮಕ್ಕಳು ಹಿಂದಕ್ಕೆ ಹೋಗ್ತಾರೆ. ಬಿಟ್ಟಿದ್ದ ಬೆರಳು ಚೀಪೋದು, ಹಾಸಿಗೆಯಲ್ಲಿ ಉಚ್ಚೆ ಹೊಯ್ಯೋದು ಮತ್ತೆ ಶುರುವಾಗುತ್ತೆ. ಅಮ್ಮ ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಕೂತು ಅಳ್ತಾರೆ. ಸ್ಕೂಲಿಗೆ ಹೋಗೋ ಮಕ್ಕಳಿಗೆ ಹೊಟ್ಟೆನೋವು, ತಲೆನೋವು. ಯಾವ ಸ್ಕ್ಯಾನಿಂಗಿನಲ್ಲೂ ಏನೂ ಸಿಗಲ್ಲ. ಓದಿದ್ದು ತಲೆಗೆ ಹತ್ತಲ್ಲ, ಮೇಷ್ಟ್ರು ದಡ್ಡ ಅಂತಾರೆ. ಒಳಗೊಳಗೆ ಒಂದು ತಪ್ಪಿತಸ್ಥ ಭಾವನೆ. "ನಾನು ಅವತ್ತು ಅಜ್ಜಿ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ, ಅದಕ್ಕೇ ಹೀಗಾಯ್ತು" ಅಂತ. ನಾವು ಕೇಳದೆ ಇದ್ದರೆ ಆ ಮಾತು ಆಚೆಗೇ ಬರಲ್ಲ. ಇನ್ನು ಹದಿನಾಲ್ಕು, ಹದಿನಾರರ ಹುಡುಗರು? ಅವರು ಅಳೋದಿಲ್ಲ, ರೇಗ್ತಾರೆ. ಬೈಕು ಜೋರಾಗಿ ಓಡಿಸ್ತಾರೆ, ಕುಡಿಯೋಕೆ ಶುರು ಮಾಡ್ತಾರೆ, ರೂಮಿನ ಬಾಗಿಲು ಹಾಕ್ಕೋತಾರೆ, ಕೆಲವರು ಕೈ ಕುಯ್ದುಕೊಳ್ತಾರೆ. ನಾವು "ವಯಸ್ಸಿನ ಸೊಕ್ಕು" ಅಂತ ಎರಡು ಬಾರಿಸ್ತೀವಿ.

ಹಾಗಂತ ಗಾಬರಿ ಬೀಳಬೇಡಿ. ದುರಂತ ಕಂಡ ಮಕ್ಕಳಲ್ಲಿ ಮೊದಲ ಕೆಲವು ವಾರ ಇವೆಲ್ಲ ಕಾಣೋದು ಸಹಜ. ಎಷ್ಟೋ ಮಕ್ಕಳು ಅಪ್ಪ ಅಮ್ಮ, ಅಜ್ಜಿ, ಶಾಲೆ, ಗೆಳೆಯರ ಆಸರೆಯಲ್ಲೇ ಚೇತರಿಸಿಕೊಳ್ತಾರೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಜರ್ಮನರು ಬಾಂಬು ಸುರಿಸ್ತಿದ್ದಾಗ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಅಂತ ಇಬ್ಬರು ಮಹಿಳೆಯರು ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಶಿಶುವಿಹಾರ ನಡೆಸ್ತಿದ್ದರು. ಅವರು ಒಂದು ವಿಷಯ ಗಮನಿಸಿದರು. ಬಾಂಬು ಬೀಳುವಾಗ ಅಮ್ಮನ ಮಡಿಲಲ್ಲಿದ್ದ ಮಗುವಿಗಿಂತ, ಸುರಕ್ಷಿತ ಹಳ್ಳಿಗೆ ಒಂಟಿಯಾಗಿ ಕಳಿಸಿದ ಮಗು ಹೆಚ್ಚು ನಲುಗಿತ್ತು. ಮಗುವಿನ ಮೊದಲ ಔಷಧಿ ಪರಿಚಯದ ಮುಖ. ಅದಕ್ಕೇ ಪರಿಹಾರ ಕೇಂದ್ರದಲ್ಲಿ ಕುಟುಂಬವನ್ನ ಒಡೆಯಬಾರದು, ಶಾಲೆಯನ್ನ ಆದಷ್ಟು ಬೇಗ ಶುರು ಮಾಡಬೇಕು ಅಂತ ತಿಳಿದವರು ಬಡಕೊಳ್ಳೋದು. ಬೆಳಗ್ಗೆ ಗಂಟೆ, ಪ್ರಾರ್ಥನೆ, ಮಧ್ಯಾಹ್ನದ ಊಟ, ಸಂಜೆ ಆಟ. ಇವು ಮಗುವಿಗೆ "ನಾಳೆ ಅನ್ನೋದು ಇದೆ" ಅಂತ ಹೇಳ್ತವೆ.

ಆದರೆ ಒಂದು ತಿಂಗಳು ಕಳೆದ ಮೇಲೂ ಮಗು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ತಾ ಇದ್ದರೆ? ಆಗ ಚಿಕಿತ್ಸೆ ಬೇಕು. ಚಿಕಿತ್ಸೆ ಇದೆ. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಅದು ಇದೆ ಅಂತಲೇ ಗೊತ್ತಿಲ್ಲ.

ಅಮೆರಿಕದ ಜುಡಿತ್ ಕೋಹನ್, ಆಂಥೊನಿ ಮ್ಯಾನರಿನೋ, ಎಸ್ತರ್ ಡೆಬ್ಲಿಂಜರ್ ಎಂಬ ಮೂವರು ರೂಪಿಸಿದ ಒಂದು ವಿಧಾನ ಇದೆ. ಮೂರು ವರ್ಷದಿಂದ ಹದಿನೆಂಟರವರೆಗಿನ ಮಕ್ಕಳಿಗೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 12ರಿಂದ 16 ಭೇಟಿ. ಟ್ರಾಮಾ ಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆ ಅಂತ ಅದಕ್ಕೆ ಉದ್ದನೆಯ ಹೆಸರು. ಹೆಸರು ಬಿಡಿ, ಅದು ನಡೆಯೋ ಬಗೆ ಕೇಳಿ.

ಮೊದಲ ಭೇಟಿಗಳಲ್ಲಿ ದುರಂತದ ವಿವರ ಕೆದಕೋದೇ ಇಲ್ಲ. ಮಗುವಿಗೆ ಮತ್ತು ತಾಯಿಗೆ ಒಂದು ವಿಷಯ ಅರ್ಥ ಮಾಡಿಸ್ತಾರೆ: "ನಿನಗೆ ಹುಚ್ಚು ಹಿಡಿದಿಲ್ಲ. ಇಂಥದ್ದು ಆದ ಮಕ್ಕಳಿಗೆ ಹೀಗಾಗುತ್ತೆ. ಇದು ವಾಸಿ ಆಗುತ್ತೆ." ಎಷ್ಟೋ ಮಕ್ಕಳಿಗೆ ಇಷ್ಟು ಕೇಳಿದರೇ ಅರ್ಧ ಭಾರ ಇಳಿಯುತ್ತೆ. ಆಮೇಲೆ ಉಸಿರಾಟ. ಹೊಟ್ಟೆಯಲ್ಲಿ ಬಲೂನ್ ಊದಿದ ಹಾಗೆ ನಿಧಾನಕ್ಕೆ ಒಳಗೆ, ನಿಧಾನಕ್ಕೆ ಹೊರಗೆ. ಮೈ ಬಿಗಿ ಮಾಡಿ ಸಡಿಲ ಬಿಡೋದು. ಭಯ ಬಂದಾಗ ಮೈಯನ್ನ ತಾನೇ ಸಮಾಧಾನ ಮಾಡಿಕೊಳ್ಳುವ ಒಂದು ಕೀಲಿ ಮಗುವಿನ ಕೈಗೆ ಬರುತ್ತೆ. ಆಮೇಲೆ ಭಾವನೆಗಳಿಗೆ ಹೆಸರಿಡೋದು. ನಮ್ಮ ಮಕ್ಕಳನ್ನ ಕೇಳಿ ನೋಡಿ, ಖುಷಿ, ಬೇಜಾರು ಬಿಟ್ಟರೆ ಮೂರನೇ ಪದ ಬರಲ್ಲ. ಇದು ಸಿಟ್ಟು, ಇದು ನಾಚಿಕೆ, ಇದು ಒಂಟಿತನ, ಇದಕ್ಕೆ ಹತ್ತರಲ್ಲಿ ಎಷ್ಟು ಅಂಕ ಅಂತ ಕಲಿಸ್ತಾರೆ.

ಇಷ್ಟೆಲ್ಲ ಆದ ಮೇಲೆ, ಆರು ಏಳು ವಾರ ಕಳೆದ ಮೇಲೆ, ಕಥೆಗೆ ಬರ್ತಾರೆ. ಅದೂ ನೀರಿಗೆ ಇಳಿದ ಹಾಗೆ, ಮೊದಲು ಪಾದ, ಆಮೇಲೆ ಮಂಡಿ. ಅವತ್ತು ಬೆಳಗ್ಗೆ ತಿಂಡಿ ಏನು ತಿಂದೆ ಅನ್ನೋದರಿಂದ ಶುರು. ಮಗು ಬರೆಯಬಹುದು, ಬಿಡಿಸಬಹುದು, ಗೊಂಬೆ ಇಟ್ಟು ತೋರಿಸಬಹುದು. ಭಯ ಜಾಸ್ತಿ ಆಯ್ತಾ? ನಿಲ್ಸು. ಉಸಿರಾಡು. ಇವತ್ತಿಗೆ ಸಾಕು. ಮುಂದಿನ ವಾರ ಇನ್ನೊಂದು ಪುಟ. ಹೀಗೆ ಪುಟ ಪುಟವಾಗಿ ಒಂದು ಸಣ್ಣ ಪುಸ್ತಕ ಆಗುತ್ತೆ. "ನನ್ನಿಂದ ಅಜ್ಜಿ ಸತ್ತಳು" ಅನ್ನೋ ಸಾಲು ಬಂದಾಗ ಚಿಕಿತ್ಸಕರು ಅಲ್ಲಿ ನಿಲ್ತಾರೆ. ಗುಡ್ಡ ಯಾಕೆ ಜಾರಿತು? ನೀನು ಸಿಟ್ಟು ಮಾಡಿಕೊಂಡರೆ ಗುಡ್ಡ ಜಾರುತ್ತಾ? ನಿನ್ನ ಗೆಳತಿಗೆ ಹೀಗಾಗಿದ್ದರೆ ಅವಳಿಗೆ ಏನು ಹೇಳ್ತಿದ್ದೆ? ಮಗು ತಾನೇ ಆ ಸಾಲನ್ನ ಹೊಡೆದು ಹಾಕುತ್ತೆ. ಆ ಪುಸ್ತಕದ ಕೊನೆಯ ಪುಟದಲ್ಲಿ ಮಗು ಇವತ್ತು ಎಲ್ಲಿದೆ, ನಾಳೆ ಏನು ಮಾಡುತ್ತೆ ಅನ್ನೋದು ಇರುತ್ತೆ. ಆಮೇಲೆ ಮಗು ಸಿದ್ಧವಾದ ದಿನ ಅದನ್ನ ಅಮ್ಮನಿಗೋ ಅಪ್ಪನಿಗೋ ಓದಿ ಹೇಳುತ್ತೆ. ಅಳದೆ ಕೇಳೋಕೆ, ಅಥವಾ ಅತ್ತರೂ ಕುಸಿಯದೆ ಕೇಳೋಕೆ ಅವರಿಗೆ ಬೇರೆಯಾಗಿ ತಯಾರಿ ಕೊಟ್ಟಿರ್ತಾರೆ.

ಈಗ ನನ್ನ ಡೆಸ್ಕಿನ ಹುಡುಗ ಕೇಳಿದ ಒಂದು ಬುದ್ಧಿವಂತ ಪ್ರಶ್ನೆಗೆ ಬರ್ತೀನಿ. "ಸರ್, ಡಾಕ್ಟ್ರೂ ಕಥೆ ಹೇಳಿಸ್ತಾರೆ, ನಾವೂ ಹೇಳಿಸ್ತೀವಿ. ಹೇಳಿಕೊಂಡ್ರೆ ಮನಸ್ಸು ಹಗುರ ಆಗಲ್ವಾ?"

ಆರು ವರ್ಷ ನಾನೂ ಇದೇ ಸಮಾಧಾನ ಹೇಳಿಕೊಂಡವನು. ವ್ಯತ್ಯಾಸ ಎಲ್ಲಿದೆ ನೋಡಿ. ಅಲ್ಲಿ ವೇಗ ಮಗುವಿನ ಕೈಯಲ್ಲಿರುತ್ತೆ, ಇಲ್ಲಿ ನನ್ನ ಬುಲೆಟಿನ್ ಗಡಿಯಾರದ ಕೈಯಲ್ಲಿ. ಅಲ್ಲಿ ಭಯ ಏರಿದರೆ ನಿಲ್ಲಿಸ್ತಾರೆ, ಇಲ್ಲಿ ಭಯ ಏರಿದರೆ ಕ್ಯಾಮೆರಾ ಹತ್ತಿರಕ್ಕೆ ಹೋಗುತ್ತೆ. ಅಲ್ಲಿ ಕೇಳಿದವರು ಮುಂದಿನ ವಾರವೂ ಅದೇ ಕುರ್ಚಿಯಲ್ಲಿ ಇರ್ತಾರೆ, ನಾನು ಸಂಜೆಯ ಬಸ್ಸಿಗೆ ಬೆಂಗಳೂರಿಗೆ ವಾಪಸ್. ಅಲ್ಲಿ ಕಥೆ ಕೊನೆಗೆ ಮಗುವಿನದೇ ಆಗುತ್ತೆ. ಇಲ್ಲಿ ಅದು ಯೂಟ್ಯೂಬಿನಲ್ಲಿ ಉಳಿಯುತ್ತೆ. ಅವಳ ಹತ್ತನೇ ಕ್ಲಾಸಿನ ಗೆಳತಿಯರು ನೋಡ್ತಾರೆ, ನಾಳೆ ಮದುವೆ ಮಾಡಿಕೊಳ್ಳೋ ಹುಡುಗನ ಮನೆಯವರು ನೋಡ್ತಾರೆ.

ಇನ್ನೂ ಒಂದು. ದುರಂತ ಆದ ತಕ್ಷಣ ಎಲ್ಲರನ್ನೂ ಒಂದು ಕಡೆ ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಸಲ ಹೊರಗೆ ಹಾಕಿಸೋ ಪದ್ಧತಿ ತಜ್ಞರಲ್ಲೂ ಇತ್ತು. ಅದರಿಂದ ಉಪಯೋಗ ಇಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಅಂತ ಗೊತ್ತಾಗಿ ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನ ಬೇಡ ಅನ್ನುತ್ತೆ. ಅದರ ಬದಲು ಮಾನಸಿಕ ಪ್ರಥಮ ಚಿಕಿತ್ಸೆ. ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ. ಯಾರಿಗೆ ಏನು ಬೇಕು ನೋಡಿ, ಮಾತಾಡಿದರೆ ಕೇಳಿಸಿಕೊಳ್ಳಿ, ಒತ್ತಾಯ ಮಾಡಬೇಡಿ, ಬೇಕಾದವರ ಜೊತೆ ಜೋಡಿಸಿ. ಅಷ್ಟೇ. ತರಬೇತಿ ಪಡೆದವರೇ ಮೊದಲ ದಿನ ಕೆದಕಬಾರದು ಅಂದ ಮೇಲೆ, ತರಬೇತಿ ಇಲ್ಲದ ನಾನು ಯಾರು ಸ್ವಾಮಿ ಕೆದಕೋಕೆ?

ನಿದ್ದೆ ಮಾತ್ರೆ? ಮಗು ಮಲಗ್ತಾ ಇಲ್ಲ ಅಂತ ದೊಡ್ಡವರ ಮಾತ್ರೆ ಅರ್ಧ ಮಾಡಿ ಕೊಡೋರನ್ನ ನೋಡಿದ್ದೀನಿ. ದಯವಿಟ್ಟು ಮಾಡಬೇಡಿ. ದುರಂತದ ಆಘಾತಕ್ಕೆ ಮಕ್ಕಳಿಗೆ ಆ ಜಾತಿಯ ಮಾತ್ರೆ ಬೇಡ ಅಂತ ಅದೇ ವಿಶ್ವ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ತಾಯತ, ನಿವಾಳಿಸೋದು, ಭಯ ಬಿಡಿಸೋದು? ಅಜ್ಜಿ ಮಡಿಲಲ್ಲಿ ಮಲಗಿಸಿಕೊಂಡು ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ನಾನು ಬೇಡ ಅನ್ನಲ್ಲ. ಅಲ್ಲಿ ಮಡಿಲು ಇದೆ, ನಿನ್ನ ಭಯ ನನಗೆ ಗೊತ್ತು ಅನ್ನೋ ಮಾತಿದೆ. ಆದರೆ ಮೈಮೇಲೆ ಬಂದಿದೆ ಅಂತ ಬೇವಿನ ಸೊಪ್ಪಲ್ಲಿ ಹೊಡೆಸೋದು, ಹೊಗೆ ಹಾಕೋದು ಮಾಡಿದರೆ ಗಾಯದ ಮೇಲೆ ಇನ್ನೊಂದು ಗಾಯ.

ಇದು ಭೂಕುಸಿತದ ಮಕ್ಕಳ ಕಥೆ ಮಾತ್ರ ಅಂದ್ಕೋಬೇಡಿ. ಇವತ್ತು ರಾತ್ರಿ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಗೇಟಿನ ಸದ್ದಿಗೆ ಬೆಚ್ಚುವ ಮಕ್ಕಳಿದ್ದಾರೆ. ಅಪ್ಪ ಕುಡಿದು ಬರೋ ಹೊತ್ತು ಅದು. ಅಪಘಾತದಲ್ಲಿ ಅಣ್ಣನನ್ನ ಕಳಕೊಂಡವರಿದ್ದಾರೆ. ಲೈಂಗಿಕ ದೌರ್ಜನ್ಯಕ್ಕೆ ತುತ್ತಾಗಿ ಯಾರಿಗೂ ಹೇಳದೆ ಇರುವವರಿದ್ದಾರೆ. 2012ರ ಪೋಕ್ಸೊ ಕಾಯ್ದೆ ಬರೆದವರಿಗೆ ಈ ವಿಷಯ ಗೊತ್ತಿತ್ತು. ಹೇಳಿಕೆ ತಗೊಳ್ಳುವಾಗ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮಗುವನ್ನ ಸಾಕ್ಷಿಗೆ ಅಂತ ಪದೇ ಪದೇ ಕರೆಯಬಾರದು, ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು, ಮಾಧ್ಯಮದವರು ಗುರುತು ಬಿಟ್ಟುಕೊಡಬಾರದು ಅಂತ ಅದರಲ್ಲಿದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಕೂಡ ರಕ್ಷಣೆ ಬೇಕಾದ ಮಕ್ಕಳ, ಸಾಕ್ಷಿಯಾದ ಮಕ್ಕಳ ಗುರುತು ಬಯಲು ಮಾಡಬೇಡಿ ಅನ್ನುತ್ತೆ. ಕಾನೂನಿಗಿರುವ ಈ ಸೂಕ್ಷ್ಮ ನಮ್ಮ ಮೈಕಿಗೂ ಬರಬೇಕು.

ಚಿಕಿತ್ಸೆ ಎಲ್ಲಿ ಸಿಗುತ್ತೆ ಅಂತ ಕೇಳ್ತೀರಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೇ ಬೇರೆ ವಿಭಾಗ ಇದೆ. 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಎರಡೂ ಕಡೆ ಇಲ್ಲಿಂದಲೇ ತಂಡ ಹೋಗಿ ಸ್ಥಳೀಯರಿಗೆ ತರಬೇತಿ ಕೊಟ್ಟಿತ್ತು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ, ಅದರ ಮಾದರಿ ಹುಟ್ಟಿದ್ದೇ 1985ರಲ್ಲಿ ನಮ್ಮ ಬಳ್ಳಾರಿಯಲ್ಲಿ. ಫೋನಿನಲ್ಲಿ ಮಾತಾಡೋಕೆ ಟೆಲಿ ಮಾನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಮಗು ಅಪಾಯದಲ್ಲಿದ್ದರೆ 1098. ಬರಕೊಳ್ಳಿ.

ಸಾಕಾ? ಸಾಕಾಗಲ್ಲ. ಸೋಮವಾರಪೇಟೆಯ ತೋಟದ ಲೈನ್‌ಮನೆಯಲ್ಲಿರುವ ಕೂಲಿ ಹೆಂಗಸು ಹದಿನಾರು ವಾರ ಕೂಲಿ ಬಿಟ್ಟು ಮಗುವನ್ನ ಬೆಂಗಳೂರಿಗೆ ಕರಕೊಂಡು ಬರೋದು ಆಗದ ಮಾತು. ಆದರೆ ದಾರಿ ಇದೆ. ಆಫ್ರಿಕಾದ ಜಾಂಬಿಯಾ ನಮಗಿಂತ ಬಡ ದೇಶ. ಅಲ್ಲಿಯ ಲುಸಾಕಾ ನಗರದಲ್ಲಿ ಡಾಕ್ಟರ್ ಅಲ್ಲದ ಸಾಮಾನ್ಯ ಸ್ಥಳೀಯರಿಗೆ ತರಬೇತಿ ಕೊಟ್ಟು, ನಾನು ಈಗ ಹೇಳಿದ ಇದೇ ಚಿಕಿತ್ಸೆಯನ್ನ ಮಕ್ಕಳಿಗೆ ಕೊಡಿಸಿದರು. ಮಕ್ಕಳು ಗಣನೀಯವಾಗಿ ಸುಧಾರಿಸಿದರು. ನಮ್ಮಲ್ಲಿ ಅಂಗನವಾಡಿ ಇದೆ, ಆಶಾ ಕಾರ್ಯಕರ್ತೆಯರಿದ್ದಾರೆ, ಹಳ್ಳಿ ಹಳ್ಳಿಯಲ್ಲಿ ಮೇಷ್ಟ್ರಿದ್ದಾರೆ. ಮಳೆಗಾಲ ಬರುವ ಮೊದಲು ಗುಡ್ಡದ ಜಿಲ್ಲೆಗಳಲ್ಲಿ ಬೋಟು, ಹಗ್ಗ, ಜೆಸಿಬಿ ಸಿದ್ಧ ಮಾಡ್ತೀವಿ ಅಂತ ಪ್ರತಿ ವರ್ಷ ಸಭೆ ಮಾಡ್ತೀರಲ್ಲ, ಆ ಪಟ್ಟಿಯಲ್ಲಿ ಪ್ರತಿ ಹೋಬಳಿಗೆ ಇಬ್ಬರು ತರಬೇತಿ ಪಡೆದವರು ಅಂತ ಒಂದು ಸಾಲು ಸೇರಿಸಿ. ಸರ್ಕಾರಕ್ಕೆ ನನ್ನ ಬೇಡಿಕೆ ಇಷ್ಟೇ. ಮನೆ ಕಟ್ಟಿಕೊಡ್ತೀರಿ, ಚೆಕ್ ಕೊಡ್ತೀರಿ, ಸಂತೋಷ. ಆ ಮನೆಯೊಳಗೆ ಮಗು ನಿದ್ದೆ ಮಾಡಬೇಕಲ್ಲ?

ಅಪ್ಪ ಅಮ್ಮಂದಿರಿಗೆ ಎರಡು ಮಾತು. "ಏನೂ ಆಗಿಲ್ಲ, ಮರೆತುಬಿಡು" ಅನ್ನಬೇಡಿ. ಆಗಿದೆ ಅಂತ ಮಗುವಿಗೆ ಗೊತ್ತು. "ಗಂಡು ಹುಡುಗ ಅಳ್ತಾರಾ" ಅನ್ನಬೇಡಿ. ಅಜ್ಜಿ ಸತ್ತಿದ್ದರೆ ಊರಿಗೆ ಹೋಗಿದ್ದಾಳೆ ಅಂತ ಸುಳ್ಳು ಹೇಳಬೇಡಿ, ಮಗು ಕಾಯ್ತಾ ಕೂರುತ್ತೆ. ಹಾಸಿಗೆ ಒದ್ದೆ ಮಾಡಿದರೆ ಬಯ್ಯಬೇಡಿ. ದೀಪ ಹಾಕಿ ಮಲಗ್ತೀನಿ ಅಂದರೆ ಹಾಕಿ. ಟಿವಿಯಲ್ಲಿ ಮತ್ತೆ ಮತ್ತೆ ಅದೇ ಗುಡ್ಡ ಜಾರೋ ದೃಶ್ಯ ಬರ್ತಾ ಇದ್ದರೆ ಟಿವಿ ಆರಿಸಿ. ಹೌದು, ನನ್ನ ಚಾನೆಲ್ ಆದರೂ ಆರಿಸಿ. ಪುಟ್ಟ ಮಕ್ಕಳಿಗೆ ಅದು ಮರುಪ್ರಸಾರ ಅಂತ ಗೊತ್ತಾಗಲ್ಲ. ಹತ್ತು ಸಲ ತೋರಿಸಿದರೆ ಹತ್ತು ಗುಡ್ಡ ಜಾರಿದೆ ಅಂತಲೇ ಅವರ ಲೆಕ್ಕ.

ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಜುಲೈ 30ರ ನಡುರಾತ್ರಿ ಮಣ್ಣಾದವರಲ್ಲಿ ಚಾಮರಾಜನಗರ, ಮಂಡ್ಯ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ್ದವರೂ ಇದ್ದಾರೆ. ಉಳಿದ ಮಕ್ಕಳಲ್ಲಿ ಕೆಲವರು ಇನ್ನು ಕೆಲವು ದಿನದಲ್ಲಿ ನಮ್ಮ ಊರುಗಳಿಗೆ, ಚಿಕ್ಕಪ್ಪ ದೊಡ್ಡಮ್ಮಂದಿರ ಮನೆಗಳಿಗೆ ಬರಬಹುದು. ನಿಮ್ಮ ಬೀದಿಗೂ ಬರಬಹುದು. ನೋಡೋಕೆ ಗುಂಪುಗೂಡಬೇಡಿ. ಏನಾಯ್ತು ಅಂತ ಕೇಳಬೇಡಿ. ನಿಮ್ಮ ಮಕ್ಕಳನ್ನ ಆಟಕ್ಕೆ ಕರೆಯೋಕೆ ಕಳಿಸಿ.

ನಮ್ಮ ಕಡೆಯಿಂದ ಇವತ್ತಿನಿಂದ ಒಂದು ನಿಯಮ. ದುರಂತದ ಜಾಗದಲ್ಲಿ ನಮ್ಮ ಯಾವ ವರದಿಗಾರನೂ ಮಗುವಿನ ಮುಂದೆ ಮೈಕು ಹಿಡಿಯಲ್ಲ. ಹಿಡಿದಿದ್ದು ಕಂಡರೆ ನನಗೆ ಹೇಳಿ, ಉತ್ತರ ಕೊಡೋದು ನನ್ನ ಜವಾಬ್ದಾರಿ. ಸಂಜೆ ಬಂದ ಆ ಒಂದು ನಿಮಿಷ ಹತ್ತು ಸೆಕೆಂಡು ನಮ್ಮ ಕಂಪ್ಯೂಟರಿನಿಂದ ಅಳಿಸಿ ಆಗಿದೆ. ಕಳಿಸಿದ ವರದಿಗಾರನಿಗೆ ಫೋನ್ ಮಾಡಿ ಬೈಯಲಿಲ್ಲ. ಅವನಿಗೆ ಅದನ್ನ ಕಲಿಸಿಕೊಟ್ಟವರಲ್ಲಿ ನಾನೂ ಒಬ್ಬ.

ಮಡಿಕೇರಿಯ ಆ ಹುಡುಗಿಗೆ ಈಗ ಹದಿನಾಲ್ಕು. ಎಲ್ಲಿದ್ದಾಳೆ ಗೊತ್ತಿಲ್ಲ. ಹುಡುಕಿಕೊಂಡು ಹೋಗೋಣ ಅಂತ ಎಷ್ಟೋ ಸಲ ಅನ್ನಿಸಿದೆ, ಕ್ಷಮೆ ಕೇಳೋಕೆ. ಆಮೇಲೆ ಬೇಡ ಅಂದ್ಕೊಂಡಿದ್ದೀನಿ. ನನ್ನ ಮುಖ ಕಂಡರೆ ಅವಳಿಗೆ ಮತ್ತೆ ಆ ಬೆಳಗು ನೆನಪಾಗಬಹುದು. ಅವತ್ತು ಅವಳು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಇವತ್ತು ಇಲ್ಲಿಂದಲೇ ಕೊಡ್ತೀನಿ. ಬೇಡ ಪುಟ್ಟಿ. ಇನ್ನೊಂದು ಸಲ ಹೇಳಬೇಕಾಗಿಲ್ಲ.